ನೂರು ಸಣ್ಣ ಗುಂಡು, ಹತ್ತು ದೊಡ್ಡ ಗುಂಡು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಇನ್ನೂ ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು. ಶೇಂಗಾ ಸುಗ್ಗಿ ಬಂತೆಂದರೆ ಊರಿಗೆ ಊರೇ ಹಿಂಡಿಯ ವಾಸನೆ. ನಮ್ಮ ಯೂನಿಫಾರ್ಮಿಗೆ, ನೋಟ್‌ಬುಕ್ಕಿನ ಹಾಳೆಗೆ, ಬೆಳಗಿನ ಚಿತ್ರಾನ್ನಕ್ಕೂ ಅದೇ ವಾಸನೆ ಹತ್ತಿರುತ್ತಿತ್ತು. ಅಂಥ ಒಂದು ಸುಗ್ಗಿಯಲ್ಲಿ ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಡೆಟ್ ಪಡೆ ಅಂತ ಒಂದಿತ್ತು. ಖಾಕಿ ಬಟ್ಟೆ, ಕಾಲಿಗಿಂತ ದೊಡ್ಡ ಬೂಟು, ವಾರಕ್ಕೆರಡು ದಿನ ಕವಾಯತು. ಹನ್ನೊಂದು ಹುಡುಗಿಯರಿದ್ದೆವು. ಅದರಲ್ಲಿ ಅರ್ಧ ಜನ ಕವಾಯತು ಮುಗಿದ ಮೇಲೆ ಕೊಡುತ್ತಿದ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಆಸೆಗೆ ಸೇರಿದವರು. ನಾನೂ ಆ ಅರ್ಧದಲ್ಲೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ನಮಗೆ ಕಲಿಸುತ್ತಿದ್ದವರು ತಳಕಿನ ಕಡೆಯ ಪಾಲಯ್ಯ ಎಂಬ ನಿವೃತ್ತ ಹವಾಲ್ದಾರರು. ಮಿಲಿಟರಿಯಲ್ಲಿ ಕಲಿಸುವವರನ್ನು ಉಸ್ತಾದ್ ಅನ್ನುತ್ತಾರಂತೆ, ಹಾಗಾಗಿ ನಮಗೂ ಅವರು ಉಸ್ತಾದ್. ಒಣಕಲು ಆಳು, ಮೀಸೆ ಮಾತ್ರ ಧಾರಾಳ. ಗುಂಡಿನ ವಿಷಯದಲ್ಲಿ ಮಹಾ ಜಿಪುಣ. ಬಂದೂಕು ಕೈಗೆ ಕೊಟ್ಟ ಮೇಲೂ ಮೂರು ತಿಂಗಳು ನಮಗೆ ಒಂದು ಗುಂಡನ್ನೂ ಕೊಡಲಿಲ್ಲ. ನಳಿಕೆಯ ತುದಿಯಲ್ಲಿ ಎಂಟಾಣೆ ನಾಣ್ಯ ಇಟ್ಟು, ಖಾಲಿ ಬಂದೂಕಿನ ಟ್ರಿಗರ್ ಎಳೆಯಬೇಕು, ನಾಣ್ಯ ಬೀಳಬಾರದು. ನನ್ನದು ಟ್ರಿಗರ್ ಮುಟ್ಟುವ ಮೊದಲೇ ಬಿದ್ದಿರುತ್ತಿತ್ತು.

ನಾಣ್ಯ ಬೀಳದೆ ನಿಲ್ಲುತ್ತಿದ್ದದ್ದು ಓಬಕ್ಕನದು ಒಂದೇ. ಅವಳು ಮೊಳಕಾಲ್ಮೂರಿನವಳು, ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವರಪ್ಪ, ಅವ್ವ ಇಬ್ಬರೂ ರೇಷ್ಮೆ ಸೀರೆ ನೇಯುವ ಸಾಹುಕಾರರ ಮನೆಯಲ್ಲಿ ಕೂಲಿಗಿದ್ದರು. ಇವಳು ಚಿಕ್ಕಂದಿನಿಂದ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿದವಳು. ರೇಷ್ಮೆ ಎಳೆ ಹರಿದರೆ ಉಸಿರು ಬಿಗಿಹಿಡಿದು ಗಂಟು ಹಾಕಬೇಕು, ಉಸಿರು ಬಿಟ್ಟರೆ ಎಳೆ ಹಾರಿಹೋಗುತ್ತದೆ ಅಂತ ಒಮ್ಮೆ ನನಗೆ ತೋರಿಸಿದ್ದಳು. ಬಂದೂಕು ಹಿಡಿದಾಗಲೂ ಅವಳು ಹಾಗೆಯೇ ಉಸಿರು ಹಿಡಿಯುತ್ತಿದ್ದಳು. ಭಾನುವಾರ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು, ನಮ್ಮವ್ವನ ಕೈಲಿ ಎಣ್ಣೆ ಹಚ್ಚಿಸಿಕೊಂಡು ಹೋಗುತ್ತಿದ್ದಳು. ಅವ್ವನಿಗೆ ನನಗಿಂತ ಅವಳ ಮೇಲೇ ಮಮತೆ ಜಾಸ್ತಿ ಅಂತ ನನಗೆ ಒಳಗೊಳಗೇ ಉರಿ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಗುರಿ ಹೊಡೆಯುವವರ ಆಯ್ಕೆ ಇತ್ತು. ಇಡೀ ಜಿಲ್ಲೆಯಿಂದ ಒಬ್ಬಳೇ ಹುಡುಗಿ. ಆಯ್ಕೆಯಾದವಳಿಗೆ ಕಾಲೇಜಿನ ಫೀಸು, ಹಾಸ್ಟೆಲಿನ ಊಟ ಎಲ್ಲ ಬಿಟ್ಟಿ. ಉಳಿದವರಿಗೆ ಅದು ತಮಾಷೆ, ಓಬಕ್ಕನಿಗೆ ಅಲ್ಲ. ಅವರಪ್ಪ ಹಾಸ್ಟೆಲಿನ ಬಾಗಿಲಲ್ಲಿ ನಿಂತು ನನ್ನೆದುರೇ ಹೇಳಿ ಹೋಗಿದ್ದ. "ಆಯ್ಕೆ ಆದ್ರೆ ಎಷ್ಟಾರ ಓದವ್ವ, ನಾನು ಬ್ಯಾಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಪರೀಕ್ಷೆ ಮುಗುದ ಮಾರ್ನೇ ದಿನ ಬಂದು ರಾಟೆ ಮುಂದೆ ಕುಂತ್ಕ. ನಿಮ್ಮವ್ವನ ಕಣ್ಣು ಹೋಗ್ಯಾವೆ."

ಗುಂಡಿನಲ್ಲಿ ಎರಡು ಜಾತಿ ಅನ್ನುವುದು ನಮಗೆ ಗೊತ್ತಾಗಿದ್ದು ಆ ಸುಗ್ಗಿಯಲ್ಲೇ. ಉಸ್ತಾದ್ ಎರಡು ಖಾಲಿ ಖೋಕಾ, ಅಂದರೆ ಹಾರಿದ ಗುಂಡಿನ ಹಿತ್ತಾಳೆ ಚಿಪ್ಪು, ಅಂಗೈಯಲ್ಲಿಟ್ಟುಕೊಂಡು ತೋರಿಸಿದರು. ಒಂದು ಕಿರುಬೆರಳಿನ ತುದಿಯಷ್ಟು, ಇನ್ನೊಂದು ಪೂರಾ ಕಿರುಬೆರಳಿನಷ್ಟು ಉದ್ದ.

"ಇಲ್ಲಿ ನೋಡ್ರಿ. ಸಣ್ಣದಕ್ಕೆ ಅಂಚಿಗೆ ಪೆಟ್ಟು, ಕಿಡಿ ಹತ್ತೋ ಮದ್ದು ಅಂಚಿನಾಗೇ ಐತೆ. ದೊಡ್ಡದಕ್ಕೆ ನಟ್ಟ ನಡುವೆ ಪೆಟ್ಟು. ಸಣ್ಣದು ಅಗ್ಗ, ಒದಿಯಲ್ಲ. ದೊಡ್ಡದು ತುಟ್ಟಿ, ಕತ್ತೆ ಒದ್ದಂಗೆ ಒದೀತೈತೆ."

ನಮ್ಮ ಬಾಯಲ್ಲಿ ಅವು ಅಂಚಿನ ಗುಂಡು, ನಡುವಿನ ಗುಂಡು ಅಂತಾದವು. ಖೋಕಾದ ಬಾಯಿಗೆ ತುಟಿ ಒತ್ತಿ ಊದಿದರೆ ಸಿಳ್ಳೆ ಬರುತ್ತಿತ್ತು. ಸಣ್ಣದರದು ಕೀಚಲು, ದೊಡ್ಡದರದು ಗಂಡು ದನಿ. ಸುಟ್ಟ ಮದ್ದಿನ ಕಹಿ ನಾಲಿಗೆಗೆ ಅಂಟಿ, ಊಟ ಮಾಡುವಾಗಲೂ ಬಿಡುತ್ತಿರಲಿಲ್ಲ.

ಒಂದು ಕವಾಯತಿನ ದಿನ ಉಸ್ತಾದ್ ಒಂದು ಹಾಳೆ ಹಿಡಿದು ಬಂದರು. ಅಭ್ಯಾಸದ ಮದ್ದಿಗೆ ಮೇಲಿನವರು ಇಂತಿಷ್ಟು ಅಂತ ಮಂಜೂರು ಮಾಡಿದ್ದರು, ಯಾವ ಗುಂಡು ಬೇಕು ಅಂತ ನಾವೇ ಬರೆದುಕೊಡಬೇಕಿತ್ತು. ಒಂದು ದೊಡ್ಡ ಗುಂಡಿನ ಬೆಲೆಗೆ ಹತ್ತು ಸಣ್ಣವು. ನೂರು ಸಣ್ಣವು ತರಿಸಬಹುದು, ಇಲ್ಲವೇ ಹತ್ತು ದೊಡ್ಡವು. ಮುಂದಿನ ಕವಾಯತಿಗೆ ಯೋಚಿಸಿಕೊಂಡು ಬಂದು ಹೇಳಿ ಅಂದರು. ಆ ಕವಾಯತಿಗೆ ಓಬಕ್ಕ ಇರಲಿಲ್ಲ. ಮದುವೆ ಸೀರೆಗಳ ಅವಸರ, ನಾಲ್ಕು ದಿನ ನೂಲು ಸುತ್ತಲು ಬಾ ಅಂತ ಅವರಪ್ಪ ಕರೆಸಿಕೊಂಡಿದ್ದ. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಅವಳು ನನ್ನ ಮುಂಗೈ ಹಿಡಿದುಕೊಂಡು ಹೇಳಿದಳು.

"ರತ್ನಿ, ದೊಡ್ಡವೇ ತರಿಸ್ರಿ ಅಂತ ಉಸ್ತಾದ್‌ಗೆ ಹೇಳು. ಓಬಕ್ಕ ಕೇಳಿದ್ಲು ಅಂತಾನೇ ಹೇಳು."

"ಬರೇ ಹತ್ತು ಬರ್ತಾವೆ ಕಣೆ."

"ಬರ್ಲಿ. ಮೊನ್ನೆ ಉಸ್ತಾದ್ ನನ್ನ ಕೈಲಿ ಒಂದು ಹೊಡಿಸಿದ್ರು ನೋಡು, ನನ್ನ ಕಣ್ಣು ತಾನಾಗೇ ಮುಚ್ಕಂತು. ಹತ್ತು ಹೊಡುದ್ರೆ ಮುಚ್ಚಲ್ಲ, ಅಭ್ಯಾಸ ಆಗ್ತೈತೆ. ದುರ್ಗದಾಗೆ ಕೊನಿಗೆ ಅದನ್ನೇ ಕೊಡ್ತಾರಂತೆ."

ಹೇಳುತ್ತೇನೆ ಅಂದೆ. ಆಗ ಹೇಳುವ ಮನಸ್ಸೇ ಇತ್ತು. ಆದರೆ ಮನೆಗೆ ಬಂದು ಲೆಕ್ಕ ಹಾಕಿದೆ. ದೊಡ್ಡವು ಬಂದರೆ ಹತ್ತೂ ಅವಳಿಗೇ. ನಾವು ಹತ್ತು ಜನ ಸಾಲಾಗಿ ನಿಂತು ಅವಳು ಹೊಡೆಯುವುದನ್ನು ನೋಡುತ್ತ ಚಪ್ಪಾಳೆ ತಟ್ಟಬೇಕು. ಮೂರು ತಿಂಗಳು ಎಂಟಾಣೆ ನಾಣ್ಯ ಬೀಳಿಸಿದ್ದಕ್ಕೆ ನನಗೆ ಅಷ್ಟೇ ಸಿಗುವುದೇ? ಜೊತೆಗೆ, ಕೊನೆಗೆ ಐದು ಗುಂಡಾದರೂ ಹಾರಿಸದವರಿಗೆ ಸರ್ಟಿಫಿಕೇಟ್ ಇಲ್ಲ ಅನ್ನುವ ಮಾತೂ ಇತ್ತು.

ಮುಂದಿನ ಕವಾಯತಿನಲ್ಲಿ ಉಸ್ತಾದ್ ಕೈ ಎತ್ತಿಸಿದರು. ಎಲ್ಲರೂ ಸಣ್ಣವಕ್ಕೇ ಎತ್ತಿದರು. ಅವರು ಹಾಳೆಯ ಮೇಲೆ ಪೆನ್ನು ಇಟ್ಟವರು, ಬರೆಯದೆ ನನ್ನ ಕಡೆ ತಿರುಗಿದರು.

"ಓಬಕ್ಕ ಏನಂದ್ಲು? ಆಯ್ಕೆಗೆ ಹೋಗಾಕಿ ಅವ್ಳು. ಅವ್ಳಿಗೆ ದೊಡ್ಡದೇ ಬೇಕು ಅಂದ್ರೆ ಅದನ್ನೇ ತರಿಸ್ತೀನಿ. ಉಳ್ದೋರು ಯಾರೂ ಮುಖ ಊದಿಸ್ಕಬ್ಯಾಡ್ರಿ."

"ಅವ್ಳಿಗೂ ಸಣ್ಣವೇ ಸಾಕಂತೆ ಸಾರ್," ಅಂದೆ ನಾನು.

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಸರಿ ಬಿಡು, ಉಸಿರು ಹಿಡಿಯಾದು ಎರಡಕ್ಕೂ ಒಂದೇ," ಅಂತ ಬರೆದರು.

ಓಬಕ್ಕ ಊರಿಂದ ಬಂದು ಸಣ್ಣ ಗುಂಡಿನ ಡಬ್ಬಿಗಳನ್ನು ನೋಡಿ, "ದೊಡ್ಡವು ಎಲ್ಲಿ?" ಅಂದಳು. ಅದಕ್ಕೂ ನಾನು ಉತ್ತರ ಹೊಂದಿಸಿಟ್ಟುಕೊಂಡಿದ್ದೆ. "ಹೇಳಿದೆ ಕಣೆ. ಅಷ್ಟು ತುಟ್ಟಿದು ಒಬ್ಬಳಿಗ್ಯಾಕೆ ಅಂದ್ರು ಉಸ್ತಾದ್." ಅವಳ ಮುಖ ಸಣ್ಣದಾಯಿತು. ಉಸ್ತಾದರನ್ನು ಹೋಗಿ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. "ಏಂ ಕಾದುಲೇ," ಅಂದಳು. ಏನೂ ಆಗಲ್ಲ ಬಿಡು ಅಂತ. ಬೇಜಾರಾದಾಗ ಅವಳ ಬಾಯಿಗೆ ಮನೆಯ ತೆಲುಗೇ ಬರುತ್ತಿತ್ತು.

ಆಮೇಲಿನ ಭಾನುವಾರಗಳು ನನ್ನ ಬಾಲ್ಯದಲ್ಲೇ ಅತಿ ಖುಷಿಯ ದಿನಗಳು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಟೆಂಪೋದಲ್ಲಿ ದೊಡ್ಡಉಳ್ಳಾರ್ತಿಯ ಕಾವಲಿಗೆ, ದನಕುರಿ ಮೇಯುವ ಬಯಲಿಗೆ, ಹೋಗುತ್ತಿದ್ದೆವು. ಮೊಣಕಾಲು ಮುಟ್ಟುವ ಒಣ ಹುಲ್ಲು, ಕುರಿ ಹಿಕ್ಕೆಯ ವಾಸನೆ, ಮಣ್ಣಿನ ದಿಬ್ಬಕ್ಕೆ ಆನಿಸಿದ ಗುರಿ ಹಲಗೆ. ಗುಂಡು ಪಟ್ಟೆಂದು ಸಿಡಿದರೆ ದೂರದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ಒಮ್ಮೆ ತಲೆಯೆತ್ತಿ, ಮತ್ತೆ ಬಗ್ಗುತ್ತಿದ್ದವು. ಹೊಡೆದದ್ದಕ್ಕೆಲ್ಲ ಖೋಕಾ ತಿರುಗಿ ಕೊಡಬೇಕು. ಒಂದು ಕಮ್ಮಿಯಾದರೂ ಹನ್ನೊಂದು ಜನ ಹುಲ್ಲಿನಲ್ಲಿ ಅಂಗಾತ, ಬೋರಲು ಬಿದ್ದು ಹುಡುಕುತ್ತಿದ್ದೆವು, ನಕ್ಕು ನಕ್ಕು ಹೊಟ್ಟೆ ನೋಯುತ್ತಿತ್ತು. ನಾನೂ ಗುರಿ ಹಲಗೆಯ ಮೂಲೆಗೆ ಒಂದೆರಡು ಗುಂಡು ಮುಟ್ಟಿಸಿದೆ.

ದುರ್ಗಕ್ಕೆ ಓಬಕ್ಕನ ಜೊತೆ ಉಸ್ತಾದ್ ನನ್ನನ್ನೂ ಕರೆದುಕೊಂಡು ಹೋದರು. ಸಣ್ಣ ಬಂದೂಕಿನಲ್ಲಿ ಅವಳು ಹೊಡೆದ ಐದೂ ಗುಂಡು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಬೇರೆ ಊರಿನ ಮೇಷ್ಟ್ರುಗಳೂ ಬಂದು ಆ ಹಾಳೆ ನೋಡಿ ಹೋದರು. ಉಸ್ತಾದ್ ಮೀಸೆಯ ಮೇಲೆ ಸುಮ್ಮಸುಮ್ಮನೆ ಕೈಯಾಡಿಸುತ್ತಿದ್ದರು. ಊಟವಾದ ಮೇಲೆ ದೊಡ್ಡ ಬಂದೂಕು ಕೊಟ್ಟರು. ನಾನು ಅವಳ ಪಕ್ಕಕ್ಕೆ, ಮುಖ ಕಾಣುವ ಹಾಗೆ ಕೂತಿದ್ದೆ. ಟ್ರಿಗರ್ ಎಳೆಯುವ ಮೊದಲೇ ಅವಳ ಎರಡೂ ಕಣ್ಣು ಮುಚ್ಚಿದವು. ಎರಡನೆಯದಕ್ಕೂ ಮುಚ್ಚಿದವು. ಮೂರನೆಯದಕ್ಕೆ ಅವಳು ಹಲ್ಲು ಕಚ್ಚಿ ಕಣ್ಣು ಅಗಲಿಸಿದ್ದಳು, ಆದರೂ ಆ ಗಳಿಗೆಯಲ್ಲಿ ಮುಚ್ಚಿಯೇ ಹೋದವು. ಐದರಲ್ಲಿ ಹಾಳೆಗೆ ತಾಗಿದ್ದು ಒಂದು, ಅದೂ ಅಂಚಿಗೆ. ಬೇರೆ ತಾಲ್ಲೂಕಿನ ಹುಡುಗಿಯ ಹೆಸರು ಕೂಗಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಉಸ್ತಾದ್ ಶೇಂಗಾ ಪೊಟ್ಟಣ ಕೊಡಲು ಬಂದರೆ ಮುಖ ತಿರುಗಿಸಿದಳು. ಮಾರನೇ ದಿನ ನಮ್ಮವ್ವ ಅವಳ ಭುಜಕ್ಕೆ ಬಿಸಿ ಎಣ್ಣೆ ಹಚ್ಚುವಾಗ ನೋಡಿದೆ, ಅಂಗೈ ಅಗಲ ಕಪ್ಪಾಗಿತ್ತು. "ಹತ್ತೇ ಹತ್ತು ಸಿಕ್ಕಿದ್ರೆ ಸಾಕಾಗಿತ್ತು ಕಣವ್ವ. ಆ ಮನುಷ್ಯ ದುಡ್ಡಿನ ಮುಖ ನೋಡ್ದ, ನನ್ನ ಮುಖ ನೋಡ್ಲಿಲ್ಲ," ಅಂದಳು. ನಾನು ಎಣ್ಣೆ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಪರೀಕ್ಷೆ ಮುಗಿದ ಮಾರನೇ ದಿನ ಅವಳು ಉಸ್ತಾದರಿಗೆ ಹೇಳದೆ ಊರಿಗೆ ಹೋದಳು. "ಆ ಹುಡುಗಿ ಯಾಕೆ ನನ್ನ ಕೂಡ ಮಾತು ಬಿಡ್ತು? ನಾನೇನು ಬೈದಿಲ್ವಲ್ಲ," ಅಂತ ಅವರು ನನ್ನನ್ನು ಎರಡು ಸಲ ಕೇಳಿದರು. ಸೋತ ನಾಚಿಕೆ ಇರಬೇಕು ಸಾರ್, ಅಂದೆ. ತನ್ನ ಸರ್ಟಿಫಿಕೇಟ್ ಪಡೆಯಲೂ ಅವಳು ಬರಲಿಲ್ಲ, ಉಳಿದ ಹತ್ತು ಜನ ಪಡೆದೆವು. ಇವತ್ತು ನಾನು ಮಾಡುತ್ತಿರುವ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ ನನ್ನದನ್ನೂ ಲಗತ್ತಿಸಿದ್ದೆ.

ಈಗ ಎಣ್ಣೆ ಮಿಲ್ಲುಗಳಲ್ಲಿ ಬಹಳಷ್ಟು ಬಾಗಿಲು ಹಾಕಿವೆ, ಸುಗ್ಗಿ ಬಂದರೂ ಊರಿಗೆ ವಾಸನೆ ಹತ್ತುವುದಿಲ್ಲ. ಕಾವಲಿಗೆ ಉದ್ದಕ್ಕೂ ಗೋಡೆ ಬಂದಿದೆ, ಒಳಗೆ ದೊಡ್ಡ ದೊಡ್ಡ ಸಂಶೋಧನೆಯ ಕಟ್ಟಡಗಳಿವೆಯಂತೆ. ನಾವು ಬೋರಲು ಬಿದ್ದ ಹುಲ್ಲು ಗೋಡೆಯ ಯಾವ ಕಡೆ ಹೋಯಿತೋ ತಿಳಿಯದು. ಅವ್ವ ಇಲ್ಲ. ಉಸ್ತಾದ್ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ನಮ್ಮ ಪಡೆಯ ನಾಲ್ಕು ಜನ ಬಂದಿದ್ದರು, ಓಬಕ್ಕ ಬಂದಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ, ತಂಗಿಯ ಮಗಳ ಮದುವೆಗೆ ಸೀರೆ ನೋಡುವ ನೆಪ ಮಾಡಿಕೊಂಡು ಮೊಳಕಾಲ್ಮೂರಿಗೆ ಹೋದೆ. ಓಬಕ್ಕ ರಾಟೆಯ ಮುಂದೆ ಕೂತಿದ್ದಳು. ಕನ್ನಡಕ ಬಂದಿದೆ. ಚಹಾ ಕೊಟ್ಟಳು, ಮಕ್ಕಳ ವಿಷಯ ಕೇಳಿದಳು. ಉಸ್ತಾದರ ಸುದ್ದಿ ಹೇಳಿ, ಇನ್ನು ತಡೆಯಲಾರದೆ ಬಸ್ ಸ್ಟ್ಯಾಂಡಿನ ಮಾತಿನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಅವರು ನಿನ್ನ ಹೆಸರು ಹಿಡಿದು ಕೇಳಿದರು, ಸುಳ್ಳು ಹೇಳಿದವಳು ನಾನು ಅಂದೆ. ಅವಳು ಬೈದರೆ ಬೈಸಿಕೊಂಡು, ಹಗುರಾಗಿ ಹೋಗೋಣ ಅಂತ ನನ್ನ ಲೆಕ್ಕ.

ಅವಳು ಬೈಯಲಿಲ್ಲ. ರಾಟೆ ನಿಲ್ಲಿಸಲೂ ಇಲ್ಲ.

"ಹೋದ ದೀಪಾವಳಿ ಮುಂದೆ ಬಂದಿದ್ದ ಆಯಪ್ಪ," ಅಂದಳು. "ಕೋಲು ಊರ್ಕಂಡು, ಒಬ್ಬನೇ, ಬಸ್ಸಿನಾಗೆ. ಯಾರ್‍ಯಾರನ್ನೋ ಕೇಳ್ಕಂಡು ಮನಿ ಹುಡುಕ್ಯಾನೆ. ನಾನು ಒಳಗಿಂದ ಚಿಲಕ ಹಾಕ್ಕಂಡೆ. ಅವ್ವ ಇಲ್ಲ ಅಂತ ಹೇಳು ಅಂತ ಕಿಟಕಿಯಾಗಿಂದ ಮಗಳ ಕೈಲಿ ಹೇಳಿಸ್ದೆ. ಆಯಪ್ಪ ಹೋಗ್ಲಿಲ್ಲ. ಜಗಲಿ ಮ್ಯಾಲೆ ಕುಂತ. ಬಾಗ್ಲು ಸಂದಿಯಾಗೆ ನೋಡ್ತಾ ಇದ್ದೆ ನಾನು. ಪಕ್ಕದ ಮನ್ಯಾರ್ನ ನೀರು ಕೇಳಿ ಇಸ್ಕಂಡು ಕುಡುದು, ಹೊತ್ತು ಇಳಿಯಾವರೆಗೂ ಕುಂತಿದ್ದು ಎದ್ದು ಹೋದ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಇದನ್ನ ನಂಗೆ ಹೇಳಬಾರ್ದಿತ್ತು ರತ್ನಿ ನೀನು. ಆಯಪ್ಪ ಇದ್ದಾಗ ಹೇಳಬೇಕಿತ್ತು, ಇಲ್ಲಾಂದ್ರೆ ಹೇಳಲೇಬಾರ್ದಿತ್ತು."

ಎದ್ದು ಬಂದೆ. ಅವಳು ಬಾಗಿಲವರೆಗೂ ಬರಲಿಲ್ಲ. ಅವಳ ಮಗಳು ಬಂದು, ಜಗಲಿಯ ಮೇಲೆ ನಾನು ಬಿಟ್ಟಿದ್ದ ಚಪ್ಪಲಿ ತೋರಿಸಿ, "ಅಜ್ಜ ಇಲ್ಲೇ ಕುಂತಿದ್ರು," ಅಂದಳು.