ಅರಿಶಿನ ಹಚ್ಚಿದ ಬಡ್ಡಿ ಬಿಲ್ಲು

ನನ್ನ ವಾರಗಿತ್ತಿಯ ಬಳೆಗಳು ಸದ್ದು ಮಾಡುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆಗೆ ಬಳಿಯುವ ಮೈದಾ ಅಂಟು ಮೆತ್ತಿ ಒಣಗಿ, ಗಾಜಿನ ಬಳೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಬೆಳ್ಳಗಾಗಿರುತ್ತಿದ್ದವು. ನನ್ನ ಬಳೆಗಳು ಚೆನ್ನಾಗಿಯೇ ಇದ್ದವು, ಕೈ ಆಡಿಸಿದರೆ ಘಲ್ ಎನ್ನುತ್ತಿದ್ದವು. ಆದರೂ ನಾವಿಬ್ಬರೂ ಎಲ್ಲಿಗೆ ಹೋದರೂ ಜನ ಮಾತಾಡಿಸುತ್ತಿದ್ದುದು ಅವಳನ್ನೇ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಹಿಂದೂಪುರದಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಪೆಟ್ಟಿಗೆ ಮಾಡುವ ಶೆಡ್ಡಿನ ನಡುವೆ ಗೋಡೆ ಎದ್ದಿತು. ಆಚೆ ಅವಳು, ಈಚೆ ನಾನು. ಗಂಡಂದಿರು ಮಿಷನ್ ನೋಡಿಕೊಂಡರೆ ಬಿಲ್ಲು, ವಸೂಲಿ ನಮ್ಮಿಬ್ಬರ ಪಾಲಿಗೆ. ಗಿರಾಕಿಗಳೂ ಹೆಚ್ಚುಕಡಿಮೆ ಅವೇ ಕಾರ್ಖಾನೆಗಳು. ಕಾಗದ ಕೊಡುವವನಿಗೆ ನಾವು ಕೈಮೇಲೆ ದುಡ್ಡು ಇಡಬೇಕು; ಕಾರ್ಖಾನೆಯವರು ಮಾತ್ರ ಮನಸ್ಸು ಬಂದಾಗ ಕೊಡುವವರು. ಬಾಕಿ ಕೇಳಲು ಹೋದರೆ ಅಕೌಂಟೆಂಟ್ ಟೀ ತರಿಸಿ, ಮಕ್ಕಳ ಓದು ವಿಚಾರಿಸಿ, "ಮುಂದಿನ ವಾರ ನೋಡಾನಮ್ಮ" ಎನ್ನುತ್ತಿದ್ದ. ಕುಡಿದ ಟೀಗೆ ಮರ್ಯಾದೆ ಕೊಟ್ಟು ನಾನು ಎದ್ದು ಬರುತ್ತಿದ್ದೆ. ಅವಳು ಲೋಟ ಪಕ್ಕಕ್ಕೆ ಸರಿಸಿ, "ಚೆಕ್ ಬರ್ದು ಕೊಡ್ರಿ, ಆಮ್ಯಾಕೆ ಕುಡೀತೀನಿ" ಎಂದು ಕೂತೇ ಇರುತ್ತಿದ್ದಳು.

ಎರಡು ಸಾವಿರದ ಆರರಲ್ಲಿ ಸಣ್ಣ ಉದ್ದಿಮೆಯವರಿಗೆಂದು ಹೊಸ ಕಾನೂನು ಬಂತು. ನಲವತ್ತೈದು ದಿನ ದಾಟಿಯೂ ದುಡ್ಡು ಕೊಡದ ಗಿರಾಕಿ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು. ನಮ್ಮ ಆಡಿಟರ್ ಇದನ್ನು ನಮ್ಮಿಬ್ಬರಿಗೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೇಳಿದ್ದರು. ನನ್ನ ಕಿವಿಯೇನು ಕಿವುಡಾಗಿತ್ತೆ? ಹೊರಗೆ ಬಂದವಳೇ, "ನಾವೇನು ಬಡ್ಡಿ ಯಾಪಾರದೋರಾ ಅಕ್ಕ? ನಾಚ್ಕೆ ಆಗಲ್ವಾ?" ಎಂದೆ.

"ಅವ್ರು ನಮ್ ದುಡ್ಡಾಗೆ ಯಾಪಾರ ಮಾಡ್ತಾವ್ರೆ ಕಣಮ್ಮ. ಅದುಕ್ಕೆ ಬಾಡ್ಗೆ ಕೇಳಾಕೆ ಏನ್ ನಾಚ್ಕೆ?" ಎಂದಳು.

ಮರುವಾರವೇ ಬಡ್ಡಿಗೆಂದು ಬೇರೆ ಬಿಲ್ಲು ಮಾಡಿದಳು. ಅದನ್ನು ಪೋಸ್ಟಿಗೆ ಹಾಕಲಿಲ್ಲ. ಲಕೋಟೆಯ ನಾಲ್ಕು ಮೂಲೆಗೂ ಲಗ್ನಪತ್ರಿಕೆಗೆ ಹಚ್ಚುವಂತೆ ಅರಿಶಿನ ಹಚ್ಚಿ, ತಾನೇ ಹಿಡಿದುಕೊಂಡು ಹೋದಳು. ಅಕೌಂಟೆಂಟ್ ಮಹಾಶಯ ಎದ್ದು ನಿಂತು, ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, "ಮಗಳಿಗೆ ಕೂಡಿಬಂತಾ ಅಮ್ಮ?" ಎಂದನಂತೆ. ತೆರೆದರೆ ಬಡ್ಡಿ ಲೆಕ್ಕ! ಆದರೆ ಅರಿಶಿನ ಹಚ್ಚಿದ್ದನ್ನು, ಅದೂ ಕಣ್ಣಿಗೊತ್ತಿಕೊಂಡ ಮೇಲೆ, ನಮ್ಮ ಕಡೆ ಯಾರು ತಾನೇ ಕಸದ ಬುಟ್ಟಿಗೆ ಹಾಕುತ್ತಾರೆ? ಆ ಬಿಲ್ಲು ಅವನ ಮೇಜಿನ ಮೇಲೇ ಕೂತು, ಮ್ಯಾನೇಜರ್ ಕಣ್ಣಿಗೂ ಬಿದ್ದು, ಕೊನೆಗೆ ಚೆಕ್ಕು ಬಂತು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ನನಗಿದು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಯೊಳಗೆ ಖಾರ ಅರೆದ ಹಾಗಾಯಿತು.

ಕಲ್ಯಾಣದುರ್ಗ ಅವಳ ತವರು. ಅಲ್ಲಿ ಅವಳ ಸೋದರಮಾವನಿಗೆ ಕಡಲೆಕಾಯಿ ಎಣ್ಣೆಯ ಮಿಲ್ಲಿತ್ತು. ಎಣ್ಣೆ ಪ್ಯಾಕೆಟ್ಟಿನ ಪೆಟ್ಟಿಗೆಗಳು ಅರ್ಧ ಅವಳಿಂದ, ಅರ್ಧ ನನ್ನಿಂದ ಹೋಗುತ್ತಿದ್ದವು. ಆ ಆರ್ಡರ್ ನನಗೆ ಕೊಡಿಸಿದವಳೂ ಅವಳೇ. ಬಾಕಿ ಬೆಳೆದು ಇಬ್ಬರೂ ಒಟ್ಟಿಗೆ ಹೋದೆವು. ಊಟವಾಯಿತು. ಎಲೆಯಡಿಕೆ ತಟ್ಟೆಯ ಪಕ್ಕದಲ್ಲೇ ಅವಳು ಅರಿಶಿನದ ಲಕೋಟೆ ಇಟ್ಟಳು. ಮಾವ ಓದಿದರು.

"ಏಮ್ಮಾ, ಮೇನಮಾಮಕೇ ವಡ್ಡೀನಾ?" ಎಂದರು ತೆಲುಗಿನಲ್ಲಿ, ಸೋದರಮಾವನಿಗೇ ಬಡ್ಡಿಯಾ ಅಂತ.

"ಮಾವ ಅಂತ ಊಟುಕ್ಕೆ ಬತ್ತೀನಿ. ಮಿಲ್ಲಿನೋರು ಅಂತ ಬಿಲ್ ತತ್ತೀನಿ. ಅದು ಬ್ಯಾರೆ, ಇದು ಬ್ಯಾರೆ ಮಾವ. ಅಪ್ಪ ನಿಮ್ಗೆ ಗೋಣಿಚೀಲ ಕೊಟ್ಟು, ದುಡ್ಡು ಕೇಳಾಕೆ ಸಂಕೋಚ ಪಟ್ಕೊಂಡು ಅಂಗ್ಡೀನೇ ಮುಚ್ಬುಟ್ಟ."

ಇನ್ನು ಇವಳ ತವರಿನ ಬಾಗಿಲು ಮುಚ್ಚಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಮಾವ ಎದ್ದು ಒಳಗೆ ಹೋದರು. ಬಡ್ಡಿ ಸಮೇತ ಚೆಕ್ಕು ತಂದು ಅವಳ ಕೈಗೆ ಕೊಟ್ಟು, ಅವಳ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಂದೇನಮ್ಮ?" ಎಂದರು.

"ನಮ್ದೇನು ಅರ್ಜೆಂಟಿಲ್ಲ ಮಾವ. ನಿಧಾನುಕ್ಕೆ ಕೊಡಿ" ಎಂದಿತು ನನ್ನ ಹಾಳು ನಾಲಗೆ. ಅವರು ನಿಧಾನಕ್ಕೇ ಕೊಟ್ಟರು. ಬಸ್ಸು ಪೆನುಕೊಂಡ ದಾಟುವವರೆಗೂ ನಾನು ಕಿಟಕಿಯಾಚೆಗೇ ನೋಡುತ್ತಿದ್ದೆ. ತಲೆ ಸವರಿದ ಆ ಕೈಯೇ ಕಣ್ಣ ಮುಂದಿತ್ತು. ನನ್ನ ತಲೆಯನ್ನು ಹಾಗೆ ಯಾರೂ ಸವರಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ, ದುಡ್ಡು ಸಿಗದೆ ಕಾಗದದವನು ನಮಗೆ ಕಾಗದ ಕೊಡುವುದನ್ನೇ ನಿಲ್ಲಿಸಿದ. ಮಿಷನ್ ಸುಮ್ಮನಾಯಿತು. ಮಾರಿಬಿಡೋಣ ಎಂದು ನನ್ನ ಗಂಡ ಗಿರಾಕಿಯನ್ನೂ ಹುಡುಕಿದರು. ಗೋಡೆಯಾಚೆ ಅವಳ ಮಿಷನ್ ಓಡುವ ಸದ್ದು ಕೇಳಿದಾಗಲೆಲ್ಲ ಅದು ಕೆಟ್ಟು ನಿಲ್ಲಬಾರದೇ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಆ ಸದ್ದು ನಿಂತಿತು. ನೋಡಿದರೆ ನನ್ನ ಬಾಗಿಲಲ್ಲಿ ಅವಳು, ಕೈಯಲ್ಲಿ ಅರಿಶಿನದ ಬಟ್ಟಲು.

ನನ್ನ ಬಾಕಿಯನ್ನೆಲ್ಲ ನನ್ನ ಕೈಯಲ್ಲೇ ಬರೆಸಿ ಬಡ್ಡಿ ಹಾಕಿಸಿದಳು. ಕಾರ್ಖಾನೆಗೆ ನೀನೂ ಬಾ ಎಂದರೆ ಒಪ್ಪಲಿಲ್ಲ. "ನಾನ್ ಬಂದ್ರೆ ನಂಗೆ ಕೊಡ್ತಾರೆ. ನಿಂಗೆ ಕೊಡ್ಬೇಕಲ್ಲಮ್ಮಿ, ನೀನೇ ಓಗು."

ಹೋದೆ. ಟೀ ಬಂತು, ಮುಟ್ಟಲಿಲ್ಲ. ಅಕೌಂಟೆಂಟ್ ಲಕೋಟೆಯ ಅರಿಶಿನ ನೋಡಿದ ತಕ್ಷಣ ಮುಖ ಹುಳ್ಳಗೆ ಮಾಡಿಕೊಂಡು, "ಅಕ್ಕ ಕಳ್ಸಿದ್ರಾ?" ಎಂದ. ನಾನೇ ಬಂದೆ ಎನ್ನಬೇಕೆಂದುಕೊಂಡೆ. ಹೌದು ಎಂದೆ. ಚೆಕ್ಕು ಬಂತು, ಕಾಗದ ಬಂತು, ಮಿಷನ್ ಮಾರುವ ಮಾತು ನಿಂತಿತು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಅವಳಿಗೆ ಕಾಮಾಲೆ ಬಂತು. ನಾಟಿ ಔಷಧಿ, ಆಸ್ಪತ್ರೆ, ಯಾವುದೂ ಫಲಿಸಲಿಲ್ಲ. ಅಂಗಳದಲ್ಲಿ ಅವಳನ್ನು ಮಲಗಿಸಿದ್ದಾಗ ಅವಳಿಗೆ ಬಡ್ಡಿ ಕಟ್ಟಿದವರೆಲ್ಲ ಬಂದು ಚಪ್ಪಲಿ ಬಿಟ್ಟು ನಿಂತಿದ್ದರು. ಕಲ್ಯಾಣದುರ್ಗದ ಮಾವ ಮಗುವಿನ ಹಾಗೆ ಅತ್ತರು. ನಾನು ಸತ್ತರೆ ಇಷ್ಟು ಜನ ಬರುತ್ತಾರಾ ಎಂದು ಅಳುತ್ತಲೇ ಯೋಚಿಸಿದೆ.

ಭಾವನವರಿಗೆ ಒಬ್ಬರೇ ನಡೆಸಲು ಮನಸ್ಸು ಬರಲಿಲ್ಲ. ಗೋಡೆ ಒಡೆಸಿ ಎರಡೂ ಶೆಡ್ಡನ್ನು ಒಂದು ಮಾಡಿದರು. ಅವಳ ಗಿರಾಕಿಗಳೂ ನನಗೇ ಬಂದರು. ಅಲ್ಲಿಂದೀಚೆಗೆ ನಾನು ಯಾರಿಗೂ ಬಡ್ಡಿ ಬಿಲ್ಲು ಬರೆದಿಲ್ಲ. ಬರೆಯುವ ಪ್ರಸಂಗವೇ ಬಂದಿಲ್ಲ. ಕಾರ್ಖಾನೆಗೆ ಹೊಸ ಗುಮಾಸ್ತ ಬಂದರೆ ಹಳಬರು, "ಆ ಮನೆಯವರ ದುಡ್ಡು ತಡ ಮಾಡ್ಬ್ಯಾಡ ಕಣಪ್ಪ" ಎಂದು ಮೊದಲೇ ಹೇಳಿಬಿಡುತ್ತಾರಂತೆ. ಚೆಕ್ಕುಗಳು ನನ್ನ ಹೆಸರಿಗೆ, ಗಡುವಿನೊಳಗೇ ಬರುತ್ತವೆ. ಆದರೆ ಒಂದೂ ನನಗೆ ಹೆದರಿ ಬಂದದ್ದಲ್ಲ. ಸತ್ತ ಮೇಲೂ ನನ್ನ ವಸೂಲಿ ಮಾಡುತ್ತಿರುವವಳು ಅವಳೇ. ಅದಕ್ಕೂ ನನಗೆ ಹೊಟ್ಟೆಕಿಚ್ಚು.