ಎಂಬತ್ತನಾಲ್ಕು ಕಂಬಗಳ ಭಾವ

ನಮ್ಮ ಭಾವ ಏನು ಕೆಲಸ ಮಾಡುತ್ತಾರೆಂದು ಕೇಳಿದವರಿಗೆ ಅಕ್ಕ ಮೂವತ್ತು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದಾಳೆ: "ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕ್ತಾರೆ."

ಸುಳ್ಳೇನಲ್ಲ. ರಾಜಧಾನಿಯ ಸರ್ಕಾರಿ ಅತಿಥಿಗೃಹದ ಹಿಂದೆ ಒಂದು ಉದ್ದನೆಯ ಕೋಣೆಯಿದೆ. ಅದರೊಳಗೆ ಹದಿನಾರು ಮರದ ಬೀರು, ಒಂದು ಇಸ್ತ್ರಿ ಮೇಜು, ನುಸಿಗುಳಿಗೆಯ ವಾಸನೆ ಮತ್ತು ಜಗತ್ತಿನ ಎಲ್ಲ ದೇಶಗಳ ಬಾವುಟಗಳು. ಆ ಕೋಣೆಯ ಬೀಗದ ಕೈ ಭಾವನ ಸೊಂಟದಲ್ಲಿ. ಎರಡು ದೇಶಗಳ ಬಾವುಟ ಒಂದೇ ತರಹ, ಒಂದನ್ನು ತಲೆಕೆಳಗು ಮಾಡಿದರೆ ಇನ್ನೊಂದು. ಅವನ್ನು ಭಾವ ಕೋಣೆಯ ಎರಡು ತುದಿಯ ಬೀರುಗಳಲ್ಲಿ ಇಟ್ಟಿದ್ದರು. "ಎದುರುಬದುರು ಇಟ್ರೆ ಸರಿ ಇರಲ್ಲ ನೋಡಪ್ಪ," ಎಂದು ನನಗೆ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಕೆಳಗಿನ ಒಂದು ಖಾನೆಯಲ್ಲಿ ಈಗ ಭೂಪಟದಲ್ಲೇ ಇಲ್ಲದ ಹನ್ನೊಂದು ದೇಶಗಳ ಬಾವುಟಗಳಿದ್ದವು. ಅವಕ್ಕೂ ವರ್ಷಕ್ಕೊಮ್ಮೆ ಇಸ್ತ್ರಿ ಆಗುತ್ತಿತ್ತು. ಭಾವನ ಅಂಗಿಗೆ ಮಾತ್ರ ಆಗುತ್ತಿರಲಿಲ್ಲ.

ವಿಮಾನ ನಿಲ್ದಾಣದಿಂದ ಅತಿಥಿಗೃಹದವರೆಗೆ ರಸ್ತೆಯುದ್ದಕ್ಕೂ ಎಂಬತ್ತನಾಲ್ಕು ಕಂಬ. ಒಂದರ ಮೇಲೆ ನಮ್ಮ ಬಾವುಟ, ಮುಂದಿನದರ ಮೇಲೆ ಬಂದವರದು. ಗಣ್ಯರು ಬರುವ ಮುನ್ನ ವಿದೇಶಾಂಗ ಇಲಾಖೆಯಿಂದ ಚೀಟಿ ಬರುತ್ತಿತ್ತು: ಹೆಸರು, ದೇಶ, ದರ್ಜೆ. ಅರಸರೋ ಅಧ್ಯಕ್ಷರೋ ಆದರೆ ಅಷ್ಟೂ ಕಂಬ. ಮಂತ್ರಿಗಳಾದರೆ ಅರ್ಧ. ಮಿಕ್ಕವರಿಗೆ ಗೇಟಿನ ಎರಡು ಕಂಬ ಸಾಕು.

ಒಮ್ಮೆ ಒಂದು ಚೀಟಿಯಲ್ಲಿ ದರ್ಜೆಯ ಜಾಗ ಖಾಲಿ ಬಂತು. ಭಾವ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಮೇಲಿನ ಅಧಿಕಾರಿ "ಎರಡು ಸಾಕು ಬಿಡ್ರೀ" ಅಂದರು. ಬಂದವರು ಯಾವುದೋ ಅರಸರ ತಮ್ಮ. ಖಾಲಿ ಕಂಬಗಳನ್ನು ಎಣಿಸಿಕೊಂಡೇ ಬಂದು, ಗೇಟಿನಲ್ಲಿ ಕಾರಿನಿಂದ ಇಳಿಯದೆ, ಹಾಗೇ ವಾಪಸು ಹೋದರು. ಅವರ ಹಿಂದೆಯೇ, ಅವರು ಇಲ್ಲಿ ಹಾಕಬೇಕಿದ್ದ ಒಂದು ಸಿಮೆಂಟ್ ಕಾರ್ಖಾನೆಯೂ ಹೋಯಿತು. ಅಧಿಕಾರಿಯನ್ನು ಕಡಲ ನಡುವಿನ ಒಂದು ದೀಪಸ್ತಂಭಕ್ಕೆ ವರ್ಗ ಮಾಡಿದರು. ಅಂದಿನಿಂದ ಬಾವುಟ ಕೋಣೆಯ ರಿಜಿಸ್ಟರಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ನಿಯಮ ಕೂತಿತು: ದರ್ಜೆ ನಮೂದಿಸದಿದ್ದರೆ ಪೂರ್ಣ ಗೌರವ. ಭಾವ ಮದುವೆಯ ತಾರೀಕನ್ನು ಮರೆತಿದ್ದುಂಟು, ಈ ಸಾಲನ್ನು ಮರೆತದ್ದಿಲ್ಲ.

ಆಮೇಲೆ ಒಕ್ಕೂಟ ಬಂತು. ನಮ್ಮದೂ ಸೇರಿದಂತೆ ಸುತ್ತಲಿನ ಒಂಬತ್ತು ದೇಶಗಳು ಒಂದೇ ಸುಂಕ, ಒಂದೇ ನಾಣ್ಯ, ಒಂದೇ ವಿದೇಶಾಂಗ ನೀತಿ ಎಂದು ಸಹಿ ಹಾಕಿದವು. ಕೇಂದ್ರ ಕಚೇರಿ ಎಲ್ಲಿರಬೇಕೆಂದು ಒಂಬತ್ತೂ ರಾಜಧಾನಿಗಳು ಎರಡು ವರ್ಷ ಜಗಳವಾಡಿ, ಕೊನೆಗೆ ಯಾರಿಗೂ ಹೊಟ್ಟೆಕಿಚ್ಚು ಬರದಂಥ ಒಂದು ಊರನ್ನು ಆರಿಸಿದವು. ಅಲ್ಲಿಯವರೆಗೆ ಆ ಊರಿನ ಹೆಸರನ್ನು ನಾವು ಕಂಡಿದ್ದು ಬೂಟ್ ಪಾಲಿಶ್ ಡಬ್ಬಿಯ ತಳದಲ್ಲಿ.

ನಮ್ಮೂರು ಒಂದೇ ಸಲಕ್ಕೆ ಬಡವಾಗಲಿಲ್ಲ, ಸ್ವಲ್ಪ ಸ್ವಲ್ಪವೇ ಸಣ್ಣದಾಯಿತು. ಮೊದಲು ಸುಂಕದವರು ಹೋದರು, ಅವರ ಗೋದಾಮಿನಲ್ಲಿ ಜನ ಷಟಲ್ ಆಡತೊಡಗಿದರು. ಆಮೇಲೆ ನೋಟು ಅಚ್ಚು ಹಾಕುವವರು. ಆಮೇಲೆ ವಿದೇಶಾಂಗ ಇಲಾಖೆ, ಕುರ್ಚಿ ಫ್ಯಾನುಗಳ ಸಮೇತ. ರಾಯಭಾರಿಗಳ ಬೀದಿಯಲ್ಲಿ ಬಾಡಿಗೆಗಿದೆ ಎಂಬ ಬೋರ್ಡುಗಳು ಎದ್ದವು, ಒಂದು ರಾಯಭಾರ ಕಚೇರಿ ಹಲ್ಲಿನ ಆಸ್ಪತ್ರೆಯಾಯಿತು. ರಾಜಧಾನಿ ಎಂಬ ಹೆಸರು ಮಾತ್ರ ಎರಡು ಹೋಟೆಲು, ಒಂದು ಕ್ಷೌರದಂಗಡಿಯ ಮೇಲೆ ಹಾಗೇ ಉಳಿಯಿತು. ಅರಸರೂ ಅಧ್ಯಕ್ಷರೂ ಈಗ ನೇರ ಪಾಲಿಶ್ ಊರಿಗೇ ಹೋಗುತ್ತಿದ್ದರು. ನಾಲ್ಕು ವರ್ಷ ಕಂಬಗಳು ಬೋಳಾಗಿ ನಿಂತವು. ಭಾವ ದಿನಾ ಒಂಬತ್ತೂವರೆಗೆ ಹೋಗಿ ಬೀಗ ತೆಗೆದು, ಐದೂವರೆಗೆ ಹಾಕಿ ಬರುತ್ತಿದ್ದರು.

ಅವರಿಗೆ ನಿವೃತ್ತಿಗೆ ಮೂರು ವರ್ಷ ಇರುವಾಗ ಒಕ್ಕೂಟದಿಂದ ಕಾಗದ ಬಂತು. ಬಾವುಟ ಕೋಣೆ ಅಗತ್ಯವೇ ಎಂದು ನೋಡಲು ಪ್ರತಿನಿಧಿಯೊಬ್ಬರು ಬರುವರು. ಅಗತ್ಯವಿಲ್ಲವೆಂದು ಕಂಡರೆ ಬಾವುಟಗಳನ್ನು ವಿಲೇವಾರಿ ಮಾಡಿ, ಮೇಲ್ವಿಚಾರಕರನ್ನು ಮರಗಳ ಗಣತಿಗೆ ಕಳಿಸಲಾಗುವುದು.

ಅಂದು ಸಂಜೆ ಭಾವ ಚಹಾ ಮುಟ್ಟಲಿಲ್ಲ. "ವಿಲೇವಾರಿ ಅಂದ್ರೆ ಏನೋ?" ಎಂದು ನನ್ನನ್ನು ಕೇಳಿದರು. ಅರ್ಥ ಗೊತ್ತಿದ್ದೇ ಕೇಳಿದ್ದು.

"ನೆಲ ಒರೆಸೋಕೆ ಕೊಡ್ತಾರೆ," ಎಂದಳು ಅಕ್ಕ. ಅಂದಮೇಲೆ ಅವಳಿಗೇ ಕೆಡುಕೆನಿಸಿ ಬಿಸಿ ಚಹಾ ತಂದಿಟ್ಟಳು.

ಭಾವ ಕಾಗದವನ್ನು ಮೂರನೇ ಸಲ ಓದಿದರು. ಆಮೇಲೆ ಬೆನ್ನು ನೆಟ್ಟಗಾಯಿತು. "ಪ್ರತಿನಿಧಿ ಅಂತಷ್ಟೇ ಇದೆ. ದರ್ಜೆ ಬರೆದಿಲ್ಲ."

"ಅಂದ್ರೆ?"

"ಪೂರ್ಣ ಗೌರವ."

"ಭಾವ, ಅವನು ಬಾಗಿಲು ಮುಚ್ಚೋಕೆ ಬರ್ತಿರೋನು!"

"ಯಾಕೆ ಬರ್ತಾರೆ ಅನ್ನೋ ಕಾಲಂ ಚೀಟೀಲಿ ಯಾವತ್ತೂ ಇರ್ಲಿಲ್ಲ ಕಣಪ್ಪ," ಎಂದರು ಭಾವ.

ತೊಂದರೆಯೆಂದರೆ, ನಲವತ್ತೆರಡು ಒಕ್ಕೂಟದ ಬಾವುಟ ಬೇಕು, ಇದ್ದದ್ದು ಒಂದು. ಅದು ನಲವತ್ತಾರು ಪುಟಗಳ ಸೂಚನಾ ಪುಸ್ತಕದೊಂದಿಗೆ ಅಂಚೆಯಲ್ಲಿ ಬಂದಿತ್ತು. ನೀಲಿ ಬಟ್ಟೆ, ದೇಶಕ್ಕೊಂದರಂತೆ ಒಂಬತ್ತು ಹಳದಿ ಚುಕ್ಕೆ. ದಿನಗಳು ಎಂಟೇ ಉಳಿದಿದ್ದವು. ಅಕ್ಕ ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆದು, "ಚುಕ್ಕೆ ಒಂದೇ ಕಡೆ ತಾನೆ?" ಎಂದು ಕೇಳಿದಳು.

"ಎರಡೂ ಕಡೆ. ಯಾವ ಕಡೆ ತೋರಿಸ್ಬೇಕು ಅಂತ ಗಾಳಿಗೆ ಗೊತ್ತಾಗುತ್ತಾ?"

ಏಳುನೂರ ಮೂವತ್ತೆಂಟು ಚುಕ್ಕೆ. ಲೋಟ ಬೋರಲು ಹಾಕಿ ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ನೀಲಿ ಬಟ್ಟೆ ಹಲ್ಲಿನ ಆಸ್ಪತ್ರೆಯವರು ತೆಗೆದೆಸೆದ ರಾಯಭಾರಿಯ ಪರದೆಗಳಿಂದ ಸಿಕ್ಕಿತು. ಹಳದಿ ಎಲ್ಲೂ ಸಾಕಾಗಲಿಲ್ಲ. ಮೂರನೇ ದಿನ ಭಾವ ಕೆಳಗಿನ ಖಾನೆಯಿಂದ, ಇಲ್ಲದ ದೇಶವೊಂದರ ಎಂಟು ದೊಡ್ಡ ಹಳದಿ ಬಾವುಟಗಳನ್ನು ತಂದರು. ಅವನ್ನು ಕತ್ತರಿಸಲು ಅನುಮತಿ ಕೋರಿ ಒಂದು ಅರ್ಜಿ ಬರೆದು, ಯಾರಿಗೆ ಕಳಿಸುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು, ಕತ್ತರಿ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತರು. ನಾನು ಕತ್ತರಿಸಿ ಮುಗಿಸುವವರೆಗೂ ಒಳಗೆ ಬರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅಕ್ಕ ಕೊನೆಯ ದಾರ ಹಲ್ಲಿನಲ್ಲಿ ಕಡಿದಳು. "ಇನ್ನೊಂದು ದೇಶ ಸೇರಿಸ್ಕೊಂಡ್ರೆ ನಾನು ತವರಿಗೆ ಹೋಗ್ತೀನಿ ಅಂತ ಅವರಿಗೆ ಬರೆದು ಹಾಕ್ರೀ," ಎಂದಳು.

ಬಂದವರು ಮಿತವ್ಯಯ ವಿಭಾಗದ ಕಿರಿಯ ಸಹಾಯಕರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಊಟದ ಡಬ್ಬಿ. ಟ್ಯಾಕ್ಸಿ ಹತ್ತಿದ್ದರು. ಮುಂದಿನದನ್ನು ಟ್ಯಾಕ್ಸಿಯವನು ಆಮೇಲೆ ಊರಿಗೆಲ್ಲ ಹೇಳಿದ.

ಹತ್ತನೇ ಕಂಬದ ಹತ್ತಿರ ಸಾಹೇಬರು, "ಯಾರು ಬರ್ತಿದಾರಪ್ಪ ಇವತ್ತು?" ಎಂದು ಕೇಳಿದರಂತೆ.

"ಒಕ್ಕೂಟದೋರಂತೆ ಸಾರ್. ನೀವೇ ಇರ್ಬೇಕು."

ಇಪ್ಪತ್ತನೇ ಕಂಬದವರೆಗೆ ಸಾಹೇಬರು ಬಾವುಟಗಳನ್ನೇ ಎಣಿಸಿದರು. ಆಮೇಲೆ "ಸ್ವಲ್ಪ ನಿಧಾನ ಹೋಗಪ್ಪ" ಎಂದರು. ನಲವತ್ತನೇ ಕಂಬದಲ್ಲಿ ಊಟದ ಡಬ್ಬಿಯ ಚೀಲ ಸೀಟಿನ ಕೆಳಗೆ ಹೋಯಿತು. ಅರವತ್ತರಲ್ಲಿ ಗಾಜು ಇಳಿಯಿತು. ಬಸ್ ಸ್ಟಾಪಿನಲ್ಲಿದ್ದ ಜನ ನಾಲ್ಕು ವರ್ಷದಿಂದ ಯಾರಿಗೂ ಕೈ ಬೀಸಿರಲಿಲ್ಲ. ಅಭ್ಯಾಸಬಲ, ಬೀಸಿಬಿಟ್ಟರು. ಸಾಹೇಬರೂ ಬೀಸಿದರು. ಗೇಟಿನಲ್ಲಿ ಇಳಿಯುವ ಹೊತ್ತಿಗೆ ಆತ ಟ್ಯಾಕ್ಸಿ ಹತ್ತಿದ ಮನುಷ್ಯನಾಗಿ ಉಳಿದಿರಲಿಲ್ಲ. ಭಾವ ಬಾಗಿಲು ತೆರೆದು ಹಿಡಿದಿದ್ದರು, ನಾನು ಏಣಿ ಹಿಡಿದು ಹಿಂದೆ ನಿಂತಿದ್ದೆ.

ಕೋಣೆಯ ತಪಾಸಣೆ ನಡೆಯಿತು. ಬೀರುಗಳನ್ನೆಲ್ಲ ನೋಡಿ ಸಾಹೇಬರು ಮೆಲ್ಲನೆ ಕೇಳಿದರು: "ಇದನ್ನ ಬಂದೋರಿಗೆಲ್ಲ ಮಾಡ್ತೀರಾ?"

"ಇಲ್ಲ ಸಾರ್. ಅರಸರಿಗೆ, ಅಧ್ಯಕ್ಷರಿಗೆ. ಆಮೇಲೆ ದರ್ಜೆ ಗೊತ್ತಿಲ್ಲದೋರಿಗೆ."

"ನಮ್ಮ ಆಫೀಸಲ್ಲಿ ನಾನು ಲಿಫ್ಟಿಗೆ ನಿಂತ್ರೆ ನನ್ನ ಬಿಟ್ಟು ಮೂರು ಸಲ ತುಂಬ್ಕೊಂಡು ಹೋಗುತ್ತೆ ರೀ."

ಭಾವ ರಿಜಿಸ್ಟರ್ ತೆರೆದು ಮುಂದಿಟ್ಟರು. "ಹೆಸರು, ಕಚೇರಿ, ದರ್ಜೆ ತುಂಬಿಕೊಡಿ ಸಾರ್. ಮುಂದಿನ ಸಲಕ್ಕೆ ಅನುಕೂಲ."

ಸಾಹೇಬರು ಹೆಸರು ಬರೆದರು. ಕಚೇರಿ ಬರೆದರು. ದರ್ಜೆಯ ಮೇಲೆ ಪೆನ್ನು ನಿಂತಿತು. ತಲೆ ಎತ್ತಿ ಗೋಡೆ ನೋಡಿದರು, ಬಾಗಿಲಾಚೆ ಗಾಳಿಗೆ ಪಟಪಟ ಅನ್ನುತ್ತಿದ್ದ ಚುಕ್ಕೆಗಳನ್ನು ನೋಡಿದರು.

"ಇದು ಖಾಲಿ ಇರ್ಲಿ ಬಿಡಿ," ಎಂದರು.

ವರದಿ ತಿಂಗಳ ಮೇಲೆ ಬಂತು. ಎರಡೇ ಸಾಲು: ತಪಾಸಣೆ ಅಪೂರ್ಣ. ಮತ್ತೊಮ್ಮೆ ಭೇಟಿ ಅಗತ್ಯ.

ಎರಡನೇ ಭೇಟಿಗೆ ಅವರು ಹೆಂಡತಿಯನ್ನು ಕರೆತಂದರು. ಆಗಲೂ ತಪಾಸಣೆ ಮುಗಿಯಲಿಲ್ಲ. ಮೂರನೆಯದಕ್ಕೆ ಅವರ ಪಕ್ಕದ ಮೇಜಿನವರು ಬಂದರು, ಅವರು ತೂಕ ಅಳತೆಯವರು. ಹಿಂದೆಯೇ ಲೇಖನ ಸಾಮಗ್ರಿಯವರು, ಮೊಟ್ಟೆಯ ಗಾತ್ರ ನಿಗದಿ ಮಾಡುವವರು. ಒಬ್ಬರೂ ದರ್ಜೆ ತುಂಬಲಿಲ್ಲ. ಪಾಲಿಶ್ ಊರಿನಲ್ಲಿ ಒಂಬತ್ತು ದೇಶದ ಹದಿಮೂರು ಸಾವಿರ ಗುಮಾಸ್ತರಿದ್ದರು, ಅಲ್ಲಿ ಯಾರಿಗೆ ಯಾರು ಕೈ ಬೀಸಬೇಕು? ನಮ್ಮಲ್ಲಿ ಕಂಬಗಳಿದ್ದವು. ಅತಿಥಿಗೃಹಕ್ಕೆ ಸುಣ್ಣ ಬಣ್ಣವಾಯಿತು. ಎರಡೂ ರಾಜಧಾನಿ ಹೋಟೆಲುಗಳು ತುಂಬಿದವು. ಬಸ್ ಸ್ಟಾಪಿನವರು ಯಾರು ಏನೆಂದು ಕೇಳದೆ ಕೈ ಬೀಸುವುದನ್ನು ಮತ್ತೆ ರೂಢಿ ಮಾಡಿಕೊಂಡರು. ಅರಸರು ಬರುತ್ತಿದ್ದ ಕಾಲದಲ್ಲೂ ಭಾವನಿಗೆ ಇಷ್ಟು ಕೆಲಸವಿರಲಿಲ್ಲ.

ಮೂರು ವರ್ಷ ಕಳೆದು ನಿವೃತ್ತಿಯ ದಿನ ಬಂತು, ಹೋಯಿತು. ತಪಾಸಣೆ ಮುಗಿಯದೆ ಆ ಹುದ್ದೆಯನ್ನು ತೆಗೆಯುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಖಾಲಿ ಬಿಡುವಂತೆಯೂ ಇಲ್ಲವೆಂದು ಕಾಗದ ಬಂತು. ಭಾವ ಅದನ್ನು ಮಡಚಿ, ಆ ಹಳೆಯ ಅರ್ಜಿಯಿದ್ದ ಜೇಬಿನಲ್ಲೇ ಇಟ್ಟುಕೊಂಡು, ಬೀಗದ ಕೈ ತೆಗೆದುಕೊಂಡು ಒಂಬತ್ತೂವರೆಗೆ ಹೊರಟರು.

ಕಳೆದ ತಿಂಗಳು ಒಕ್ಕೂಟಕ್ಕೆ ಹತ್ತನೆಯ ದೇಶ ಸೇರಿತು. ಅಕ್ಕ ಮಾತಿಗೆ ತಪ್ಪುವವಳಲ್ಲ. ಸುದ್ದಿ ಓದಿದ ಮಧ್ಯಾಹ್ನವೇ ಆಟೋ ಮಾಡಿಕೊಂಡು ತವರಿಗೆ, ಅಂದರೆ ನಮ್ಮ ಮನೆಗೆ, ಬಂದಳು. ನನ್ನ ಹೆಂಡತಿ ಗಾಬರಿಯಿಂದ ಚೀಲ ಇಳಿಸಿಕೊಳ್ಳಲು ಹೋದರೆ, ಆಟೋದಿಂದ ಮೊದಲು ಇಳಿದದ್ದು ಹೊಲಿಗೆ ಮೆಷಿನ್. ಅದರ ಹಿಂದೆ ನಲವತ್ತೆರಡು ಬಾವುಟ ಹೊತ್ತ ಭಾವ.

"ನೋಡ್ತಾ ನಿಂತ್ಕೊಬೇಡ್ವೋ," ಎಂದಳು ಅಕ್ಕ. "ಲೋಟ ತಗೊಂಡು ಬಾ. ಚುಕ್ಕೆ ಎಂಬತ್ತನಾಲ್ಕು."