ಯರಗುಪ್ಪಿಗೆ ಬರುವ ಗಾಡಿಗಳನ್ನು ತಿರುಗಿಸುವ ಸುಮಂಗಲಾ

ಬೆಳಗಿನ ಐದೂವರೆ. ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಈ ಮನೆಯಲ್ಲಿ ಚಹಾದ ನೀರು ಇನ್ನೂ ಒಲೆಗೇರಿಲ್ಲ. ಸುಮಂಗಲಾ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾರೆ. ಮುಂದೆ ಮೂರು ಮೊಬೈಲು. ಒಂದು ತಮ್ಮದು, ಒಂದು ಅವ್ವ ಫಕೀರವ್ವನದು, ಇನ್ನೊಂದು ಬಾಜು ಮನೆಯಿಂದ ಸಂಜೆಯೇ ಇಸಿದುಕೊಂಡು ಬಂದದ್ದು. ಮೂರರಲ್ಲೂ ಒಂದೇ ಮಾತನ್ನು ಬರೆದು ಹುಡುಕುತ್ತಾರೆ: 'ಹುಳ ಮುಟ್ಟಿದರೆ ಔಷಧ ಎಲ್ಲಿ'. ಈ ಸೀಮೆಯಲ್ಲಿ ಹಾವಿನ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹಾವು ಕಚ್ಚಿತು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಕಚ್ಚಿಸಿಕೊಂಡವರನ್ನು ಗಾಡಿಗೆ ಹಾಕಿಕೊಂಡು ಹೊರಟವರು ಮೊಬೈಲಿನಲ್ಲೂ ಹಾಗೆಯೇ ಕೇಳುತ್ತಾರೆ.

ಮೊದಲ ಮೊಬೈಲಿನಲ್ಲಿ ಸುಮಂಗಲಾ ಬರೆದ ಪುಟವೇ ಎಲ್ಲಕ್ಕಿಂತ ಮೇಲೆ ಬರುತ್ತದೆ. ಎರಡನೆಯದರಲ್ಲೂ ಅಷ್ಟೆ. ಮೂರನೆಯದರಲ್ಲಿ ಒಂದು ಮೆಟ್ಟಿಲು ಕೆಳಗಿದೆ. ಅವರ ಮುಖದ ಕಳೆಯೇ ಹೋಗುತ್ತದೆ.

"ಎರಡಕ್ಕ ಇಳದೈತ್ರಿ," ಎನ್ನುತ್ತಾರೆ. "ನಿನ್ನಿ ಮುಂಜಾನಿಯಿಂದ ಒಂದೂ ಫೋನ್ ಬಂದಿಲ್ಲ. ನನಗ ಆಗಲೇ ಸಂಶೇ ಬಂದಿತ್ತು."

ಅಂತರ್ಜಾಲದಲ್ಲಿ ಒಂದನೇ ಸ್ಥಾನಕ್ಕಾಗಿ ಗುದ್ದಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೀರೆ ಮಾರುವವರು, ಸೈಟು ಮಾರುವವರು, ಕೂದಲು ಬೆಳೆಸುವ ಎಣ್ಣೆ ಮಾರುವವರು. ಎರಡನೇ ಸ್ಥಾನಕ್ಕೆ ಇಳಿದೆನೆಂದು ಇಷ್ಟು ಅಂಜಿದವರನ್ನು ನೋಡಿರಲಿಲ್ಲ. ಇವರು ಏನನ್ನೂ ಮಾರುವುದಿಲ್ಲ. ತಮ್ಮ ಮನೆಗೆ ಯಾರೂ ಬರಬಾರದೆಂದೇ ಮೇಲೆ ಇರಬೇಕಾಗಿದೆ.

ಮೂವತ್ನಾಲ್ಕರ ಸುಮಂಗಲಾ ಬಿ.ಕಾಂ. ಓದಿದವರು. ಹಳ್ಳಿಯ ಸಣ್ಣ ವ್ಯಾಪಾರದವರಿಗೆ ಬ್ಲಾಗು ಬರೆದುಕೊಡುವುದು, ಫೇಸ್‌ಬುಕ್ಕು ಇನ್‌ಸ್ಟಾಗ್ರಾಮು ನೋಡಿಕೊಳ್ಳುವುದು, ಹುಡುಕಿದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಮಾಡುವುದು ಅವರ ಕಸುಬು. ಅಣ್ಣಿಗೇರಿಯ ಖಡಕ್ ರೊಟ್ಟಿಯ ಹೆಂಗಸರು, ಮಿಶ್ರಿಕೋಟಿಯ ಅಕ್ಕಿ ಗಿರಣಿಯವರು, ಅಳ್ನಾವರದಲ್ಲಿ ಬಿದಿರಿನ ಬುಟ್ಟಿ ಹೆಣೆಯುವವರು, ಹೀಗೆ ಮೂವತ್ತೆಂಟು ಮಂದಿಯ ಪುಟಗಳು ಈ ಪಡಸಾಲೆಯಿಂದಲೇ ನಡೆಯುತ್ತವೆ. ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಆದರೆ ಕೇಳಿದವರಿಗೆ ಕೊಡುವ ಸಲಹೆ ಮಾತ್ರ ಅವರದೇ.

"ರೊಟ್ಟಿಯವರು 'ಪೌಷ್ಟಿಕ ಜೋಳದ ಉತ್ಪನ್ನ' ಅಂತ ಬರಸ್ಕೊಂಡಿದ್ರು," ಎಂದು ನಗುತ್ತಾರೆ. ಅಂದು ಬೆಳಿಗ್ಗೆ ಅವರು ನಕ್ಕದ್ದು ಅದೊಂದೇ ಸಲ. "ಯವ್ವಾ, ಹಂಗ ಯಾರ್ ಕೇಳ್ತಾರ? 'ತಿಂಗಳಗಟ್ಟಲೆ ಕೆಡದ ರೊಟ್ಟಿ ಎಲ್ಲಿ ಸಿಗ್ತೈತಿ' ಅಂತ ಕೇಳ್ತಾರ. ಜನ ಹೆಂಗ ಕೇಳ್ತಾರ ಹಂಗ ಬರೀಬೇಕ್ರಿ. ಒಂದ ದಿನಾ ಏಳು ಪೋಸ್ಟ್ ಹಾಕಿ ತಿಂಗಳಾನುಗಟ್ಲೆ ಸುಮ್ನ ಕುಂದರಬಾರದು. ವಾರಕ್ಕೊಂದ ಬರದ್ರೂ ಸಾಕು, ತಪ್ಪಸಬಾರದು. ಮತ್ತ ನಿಮಗ ಖರೇನ ಗೊತ್ತಿದ್ದದ್ದನ್ನ ಬರೀರಿ."

ಆ ಕೊನೆಯ ಸಲಹೆಯೇ ಅವರನ್ನು ಹಿಡಿದು ನುಂಗಿದೆ. ಕಸುಬು ಕಲಿಯುತ್ತಿದ್ದ ದಿನಗಳಲ್ಲಿ ತಮಗೆ ಖರೆ ಗೊತ್ತಿದ್ದದ್ದು ಏನೆಂದು ಹುಡುಕಿಕೊಂಡಾಗ ಅವರಿಗೆ ಸಿಕ್ಕಿದ್ದು ಅಪ್ಪ.

ಅಪ್ಪ ಲಕ್ಷ್ಮಣಪ್ಪನವರಿಗೆ ಈಗ ಎಪ್ಪತ್ತೆರಡು. ತಂದೆಯಿಂದ ಬಂದ ಬೇರಿನ ಔಷಧವನ್ನು ಹುಳ ಮುಟ್ಟಿದವರಿಗೆ ನಲವತ್ತು ವರ್ಷ ಕೊಟ್ಟವರು. ಈ ಮನೆತನಕ್ಕೆ ಎರಡು ಕಟ್ಟಳೆಗಳಿವೆ. ಔಷಧ ಕೊಡುವ ಮನೆಯ ಬಾಗಿಲಿಗೆ ಅಗಳಿ ಹಾಕುವಂತಿಲ್ಲ. ಹೊಸ್ತಿಲಿಗೆ ಬಂದವರನ್ನು ಹೊಳ್ಳಿ ಹಿಂದಕ್ಕೆ ಕಳಿಸುವಂತಿಲ್ಲ. ಬಾಗಿಲನ್ನು ನಾನೇ ನೋಡಿದೆ, ಅಗಳಿ ಕೂರಿಸಲು ತೂತನ್ನೂ ಕೊರೆದಿಲ್ಲ.

ಇದನ್ನೆಲ್ಲ ಸುಮಂಗಲಾ ಪ್ರೀತಿಯಿಂದ ಬರೆದರು. ಅಪ್ಪ ತಲೆಗೆ ಬಿಳಿ ಪಟಗ ಸುತ್ತಿಕೊಂಡು ಕೂತ ಫೋಟೊ ಹಾಕಿದರು. ನಕ್ಷೆಯಲ್ಲಿ ಮನೆಯನ್ನು ಗುರುತು ಮಾಡುವಾಗ, ಇದು ಎಂಥ ಜಾಗ ಎಂದು ಆರಿಸಬೇಕಾಯಿತು. ಅಪ್ಪನಂಥವರಿಗೆ ಅಲ್ಲಿ ಹೆಸರೇ ಇರಲಿಲ್ಲ. 'ಆಸ್ಪತ್ರೆ' ಎಂದು ಒತ್ತಿದರು. ಎಷ್ಟರಿಂದ ಎಷ್ಟರವರೆಗೆ ತೆರೆದಿರುತ್ತದೆ ಎಂದು ಕೇಳಿತು. ಅಗಳಿಯೇ ಇಲ್ಲದ ಬಾಗಿಲಲ್ಲವೇ? 'ಇಪ್ಪತ್ನಾಲ್ಕು ತಾಸು' ಎಂದು ಒತ್ತಿದರು. ಆ ಒಂದು 'ಆಸ್ಪತ್ರೆ' ಬಿಟ್ಟರೆ ಅದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ. ನಾಲ್ಕೇ ತಿಂಗಳಲ್ಲಿ ಪುಟ ಎಲ್ಲಕ್ಕಿಂತ ಮೇಲೆ ಬಂತು. ಓಣಿಗೆಲ್ಲ ಪೇಢೆ ಹಂಚಿದರಂತೆ.

ಮರುವರ್ಷ ಹೆಸರುಕಾಯಿ ಬಿಡಿಸುವ ಕಾಲಕ್ಕೆ ಅಣ್ಣಿಗೇರಿ ಕಡೆಯಿಂದ ಟಂಟಂ ಆಟೊ ಒಂದು ಬಂದು ಮನೆಯ ಮುಂದೆ ನಿಂತಿತು. ಒಳಗೆ ಮನೆ ಕಟ್ಟುವ ಗೌಂಡಿ ಕೆಲಸದ ದಾವೂದಸಾಬ. ಕಾಲು ಊದಿ ಮೊಣಕಾಲಿನವರೆಗೂ ಕಪ್ಪಾಗಿತ್ತು. ಕಚ್ಚಿ ಎರಡು ತಾಸಾಗಿತ್ತು. ಹೆಂಡತಿ ಬಾಷಾಬಿ ದಾರಿಯಲ್ಲಿ ಎರಡು ಸರ್ಕಾರಿ ಆಸ್ಪತ್ರೆಗಳನ್ನು ದಾಟಿಸಿಕೊಂಡು ಬಂದಿದ್ದರು. ಮೊಬೈಲು ತೋರಿಸಿದ 'ಆಸ್ಪತ್ರೆ' ಇದೇ ಆಗಿತ್ತು. ಲಕ್ಷ್ಮಣಪ್ಪ ನೋಡಿದ ಕೂಡಲೇ ಇದು ತನ್ನ ಕೈಮೀರಿದ್ದು ಎಂದರು. ಆದರೂ ಹೊಸ್ತಿಲಿಗೆ ಬಂದವರಲ್ಲವೇ? ಬೇರು ತೇಯ್ದು ಕುಡಿಸಿಯೇ ಕಳಿಸಿದರು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಹುಬ್ಬಳ್ಳಿಯಲ್ಲಿ ಹತ್ತೊಂಬತ್ತು ದಿನ ಮಲಗಿ ದಾವೂದಸಾಬ ಬದುಕಿದರು. ಕಿಡ್ನಿ ಉಳಿಯಲಿಲ್ಲ. ಇವತ್ತಿಗೂ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು.

ಸುಮಂಗಲಾ ನೋಡಲು ಹೋದಾಗ ಬಾಷಾಬಿ ಬೈಯಲಿಲ್ಲ. "ಬೈದಿದ್ರ ಛೊಲೋ ಇತ್ರಿ," ಎನ್ನುತ್ತಾರೆ ಇವರು. "ನನ್ನ ಕೈ ಹಿಡಕೊಂಡು 'ಭಾಳ ಛಂದ ಬರದಿದ್ದಿ ಬೇ, ಓದಿ ನಂಬಿಗಿ ಬಂತು, ಅದಕ್ಕ ಬಂದ್ವಿ' ಅಂದ್ರು. ನನಗ ನೆಲಾ ಬಾಯಿ ತಗದ್ರ ಸಾಕು ಅನ್ನಿಸ್ತು. ಅವತ್ತಿಂದ ಅಂಜಿಕಿ ಹೊಕ್ಕದ್ದು ಇನ್ನೂ ಹೋಗಿಲ್ಲ."

ಮನೆಗೆ ಬಂದವರೇ ಪುಟವನ್ನು ಅಳಿಸಿ ಹಾಕಿದರು. ನಕ್ಷೆಯ ಗುರುತನ್ನೂ ತೆಗೆಸಿದರು. ಮುಗಿಯಿತಲ್ಲ ಎಂದುಕೊಂಡರೆ, ಎಲ್ಲಿಯ ಮುಕ್ತಾಯ! ಅವರು ಬರೆದದ್ದನ್ನು ಆಗಲೇ ಹತ್ತಾರು ಮಂದಿ ಕದ್ದು ತಮ್ಮ ತಮ್ಮ ಪುಟಗಳಿಗೆ ಅಂಟಿಸಿಕೊಂಡಿದ್ದರು. ಮನೆಮದ್ದಿನ ಪುಟಗಳು, ಪವಾಡದ ಪುಟಗಳು. ಅಪ್ಪನ ಅದೇ ಫೋಟೊ, ಅದೇ ಊರು, ಮೇಲೊಂದು 'ನೂರಕ್ಕೆ ನೂರು ಗ್ಯಾರಂಟಿ' ಎಂಬ ಸುಳ್ಳು ಬೇರೆ. ಮೂಲ ಪುಟ ಹೋದದ್ದೇ ತಡ, ನಕಲುಗಳು ಏರಿ ಕೂತವು. ಅಂಟಿಸಿಕೊಂಡವರಿಗೆಲ್ಲ ಸುಮಂಗಲಾ ಕೈಮುಗಿದು ತೆಗೆಯಿರಿ ಎಂದರು. ಇಬ್ಬರು ತೆಗೆದರು. ಉಳಿದವರು ಉತ್ತರವನ್ನೂ ಕೊಡಲಿಲ್ಲ. ಒಬ್ಬ ಪುಣ್ಯಾತ್ಮ ಮಾತ್ರ, ಇನ್ನೂ ನಾಲ್ಕು ಫೋಟೊ ಇದ್ದರೆ ಕಳಿಸಿ ಎಂದನಂತೆ!

ಆಗ ಸುಮಂಗಲಾ ತಮಗೆ ಬರುವ ಒಂದೇ ವಿದ್ಯೆಗೆ ಕೈ ಹಾಕಿದರು. ಹೊಸ ಪುಟ ಬರೆದರು. ಅಪ್ಪನ ಫೋಟೊವನ್ನೇ ಹಾಕಿದರು, ಜನ ಹುಡುಕುವ ಮಾತುಗಳನ್ನೇ ತಲೆಬರಹ ಮಾಡಿದರು. ಒಳಗೆ ಮಾತ್ರ ಔಷಧದ ಸುದ್ದಿಯಿಲ್ಲ. 'ಇಲ್ಲಿಗೆ ಬರಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ.' ಕೆಳಗೆ ದಪ್ಪಕ್ಷರದಲ್ಲಿ ಅವರ ನಂಬರು. ಓದದೆ ನಂಬರನ್ನಷ್ಟೇ ಒತ್ತುವವರೇ ಹೆಚ್ಚು. ಅವರು ಹಾಗೆ ಒತ್ತಲಿ ಎಂದೇ ಅದು ಅಷ್ಟು ದಪ್ಪಗಿದೆ.

ನಾಲ್ಕು ಮಳೆಗಾಲಗಳಲ್ಲಿ ಆರುನೂರ ಹನ್ನೊಂದು ಕರೆಗಳು. ಮಳೆಗಾಲದ ಈ ದಿನಗಳಲ್ಲಿ ದಿನಕ್ಕೆ ಎರಡು ಮೂರು, ಬೇಸಿಗೆಯಲ್ಲಿ ವಾರಕ್ಕೊಂದು. ಸ್ನಾನಕ್ಕೆ ಹೋದರೆ ಮೊಬೈಲು ಫಕೀರವ್ವನ ಕೈಯಲ್ಲಿ. ಆ ತಾಯಿಗೆ ಓದಲು ಬರುವುದಿಲ್ಲ, ಆದರೆ ಏನು ಹೇಳಬೇಕೆಂಬುದು ಬಾಯಿಪಾಠ. "ಎಲ್ಲಿ ಅದೀರಿ ಅಂತ ಮೊದ್ಲು ಕೇಳ್ತೀನ್ರಿ," ಎನ್ನುತ್ತಾರೆ ಸುಮಂಗಲಾ. "ಅಲ್ಲಿಂದ ಹತ್ರದ ದವಾಖಾನಿ ಹೆಸರು ಹೇಳಿ, ಗಾಡಿ ಹೊಳ್ಳಸ್ರಿ ಅಂತೀನಿ. ಭಾಳ ಮಂದಿ ಬೈತಾರ. ಔಷಧಾ ಕೊಡಾಕ ಸೊಕ್ಕೇನ ನಿಮಗ ಅಂತಾರ. ಬೈಲಿ. ಹೊಳ್ಳಿಸಿದ್ರೋ ಇಲ್ಲೋ ಗೊತ್ತಾಗಂಗಿಲ್ಲಲ್ರಿ, ಅದ ಜೀವಾ ತಿಂತೈತಿ. ಫೋನ್ ಬಂದ್ರ ಎದಿ ಡವಡವ ಅಂತೈತಿ. ಬರ್ಲಿಲ್ಲಂದ್ರ ಇನ್ನೂ ಅಂಜಿಕಿ. ಹುಳಾ ಮುಟ್ಟೂದೇನ ಬಂದ್ ಆಗಿರಂಗಿಲ್ಲ. ಬ್ಯಾರೆದವರ ಪೇಜ್ ನೋಡಿ ಯಾರೋ ಹೊಂಟಿರ್ತಾರ."

ಮೂರನೇ ಮೊಬೈಲು ತೋರಿಸಿದ್ದು ಅದನ್ನೇ. ಒಂದೇ ದಿನದಲ್ಲಿ ಒಂದು ನಕಲು ಪುಟ ಮೇಲೇರಿದೆ. ಚಹಾ ಕುಡಿಯದೆ ಸುಮಂಗಲಾ ಕೆಲಸಕ್ಕೆ ಕೂರುತ್ತಾರೆ. ಪುಟಕ್ಕೆ ಹೊಸ ಪ್ರಶ್ನೋತ್ತರ ಸೇರಿಸುತ್ತಾರೆ. ರೊಟ್ಟಿಯವರಿಗೆ, ಗಿರಣಿಯವರಿಗೆ, ಎಲ್ಲ ಗ್ರೂಪುಗಳಿಗೆ ಕಳಿಸಿ ಹಂಚಿಕೊಳ್ಳಿ ಎಂದು ಬೇಡುತ್ತಾರೆ. ಮೇಲೇರಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. "ಒಮ್ಮೊಮ್ಮೆ ಎರಡ ದಿನಾ, ಒಮ್ಮೊಮ್ಮೆ ಹದಿನೈದು," ಎಂದರು.

ಎಂಟೂವರೆಗೆ ಬಿಳಿ ಗೂಡ್ಸ್ ಗಾಡಿಯೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಫೋನಿಲ್ಲ, ಸುದ್ದಿಯಿಲ್ಲ. ನವಲಗುಂದ ತಾಲ್ಲೂಕಿನ ಸಂಗನಬಸವ ಎಂಬ ರೈತ ಹಾರಿ ಇಳಿದ. ಹಿಂದೆ ಗೋಣಿತಟ್ಟಿನ ಮೇಲೆ ಹೆಂಡತಿ ಶಾಂಭವಿ. ಹೆಸರುಕಾಯಿ ಬಿಡಿಸುವಾಗ ಹುಳ ಕೈಗೆ ಮುಟ್ಟಿತ್ತು. ಕಣ್ಣರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು.

"ಅಣ್ಣಾರ, ಇಳಸಬ್ಯಾಡ್ರಿ!" ಎಂದು ಸುಮಂಗಲಾ ಓಡಿದರು. "ದವಾಖಾನಿಗೆ ನಡೀರಿ, ಅರ್ಧಾ ತಾಸಿನ ದಾರಿ."

"ಇಷ್ಟ ದೂರ ಬಂದೇನಿ, ಮೊದಲ ಔಷಧಾ ಹಾಕ್ರಿ!" ಸಂಗನಬಸವ ಕೂಗಾಡಿದ. "ಗ್ಯಾರಂಟಿ ಅಂತ ಬರದೀರಲ್ಲ! ಜೀವಾ ಹೊಂಟೈತಿ, ನೀವು ಸರಕೊಂತೀರಿ!"

ಅಷ್ಟರಲ್ಲಿ ಲಕ್ಷ್ಮಣಪ್ಪ ಬಾಗಿಲಿಗೆ ಬಂದರು. ಸಂಗನಬಸವ ಹೋಗಿ ಅವರ ಕಾಲು ಹಿಡಿದುಬಿಟ್ಟ. ಮುದುಕ ಮಗಳ ಮುಖ ನೋಡಿದರು, ಗಾಡಿಯ ಕಡೆ ನೋಡಿದರು. ಇವರು ಒಳಗೆ ಹೋಗಿ ಬೇರು ತೇಯಲು ಕೂತರೆ ಆ ಹೆಣ್ಣುಮಗಳು ಇಲ್ಲಿಯೇ ಉಸಿರು ಬಿಡುತ್ತಾಳೆ ಎಂದುಕೊಂಡೆ. ಅವರು ಒಳಗೆ ಹೋಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಗಾಡಿಯ ಹಿಂದೆ ಹತ್ತಿ, ಶಾಂಭವಿಯನ್ನು ಮಗ್ಗುಲಿಗೆ ಹೊರಳಿಸಿ, ತಲೆಗೆ ಕೈ ಕೊಟ್ಟು ಕೂತರು.

"ನಾ ಜೋಡಿ ಬರ್ತೀನಿ, ನಡಿ ತಮ್ಮಾ," ಎಂದರು. "ಬಂದವರನ್ನ ಹೊಳ್ಳಿ ಕಳಸಬಾರದು ಅಂತ ನಮ್ಮಪ್ಪ ಹೇಳ್ಯಾನ. ಜೋಡಿ ಹೋಗಬಾರದು ಅಂತ ಹೇಳಿಲ್ಲ."

ಗಾಡಿ ತಿರುಗಿತು. ಸುಮಂಗಲಾ ತಾಲ್ಲೂಕು ಆಸ್ಪತ್ರೆಗೆ ಫೋನು ಹಚ್ಚಿ, ಎಷ್ಟು ಹೊತ್ತಿಗೆ ಮುಟ್ಟಿದೆ, ಕಣ್ಣು ಹೇಗಿದೆ, ಮಾತು ಹೇಗಿದೆ ಎಂದು ಎಲ್ಲವನ್ನೂ ಒಪ್ಪಿಸಿದರು. ಅಲ್ಲಿನ ದಾದಿಯರಿಗೆ ಅವರ ದನಿ ಪರಿಚಯವಿದೆ. ಆಮೇಲೆ ಮಾಡುವುದೇನೂ ಇರಲಿಲ್ಲ. ಫಕೀರವ್ವ ಮಾಡಿಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ನಾನು ಬರೆದುಕೊಳ್ಳುವುದನ್ನು ಬಿಟ್ಟು ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹತ್ತೂಕಾಲಿಗೆ ಲಕ್ಷ್ಮಣಪ್ಪ ಯಾರದೋ ಮೊಬೈಲಿನಿಂದ ಮಾತಾಡಿದರು. ವಿಷ ಇಳಿಸುವ ಸೂಜಿ ಮಾಡಿದ್ದಾರೆ, ಉಸಿರಿಗೆ ಯಂತ್ರ ಹಚ್ಚಿ ಹುಬ್ಬಳ್ಳಿಗೆ ಕಳಿಸುತ್ತಿದ್ದಾರೆ. ಇನ್ನು ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು, ಈಗ ಉಳಿಯುತ್ತಾಳೆ ಎಂದಿದ್ದಾರೆ ಡಾಕ್ಟರು. ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದರು. ಸುಮಂಗಲಾ ಅಳಲಿಲ್ಲ. "ಅಪ್ಪಾ, ಯಾವ ಪೇಜ್ ನೋಡಿ ಬಂದ್ರಂತ ಕೇಳು," ಎಂದರು. ಎರಡು ಕ್ಷಣಕ್ಕೆ ಉತ್ತರ ಬಂತು. ಅದೇ ನಕಲು ಪುಟ.

"ಎರಡನೇ ನಂಬರ್ ಅಂದ್ರ ಏನು ಅಂತ ನೋಡಿದ್ರಲ್ರಿ," ಎಂದು ಅವರು ಲ್ಯಾಪ್‌ಟಾಪನ್ನು ಎಳೆದುಕೊಂಡರು. "ಗೋಣಿತಟ್ಟಿನ ಮ್ಯಾಲ ಮಲಗಿದ್ದಾಕಿ."

ಇದಕ್ಕೆ ಕೊನೆ ಯಾವಾಗ ಎಂದು ಕೇಳಿದೆ. ಸುಮಂಗಲಾ ತಲೆ ಎತ್ತಲಿಲ್ಲ. ಬೆರಳುಗಳು ಓಡುತ್ತಲೇ ಇದ್ದವು.

"ಸರಕಾರಿ ದವಾಖಾನಿಯವರು ನಮ್ಮ ಮಾತಿನಾಗ ಒಂದ ಪೇಜ್ ಬರೀಲಿ ಸಾಕ್ರಿ. ಮ್ಯಾಲ ಏರಿಸೋ ಕೆಲಸಾ ನನಗ ಬಿಡ್ರಿ, ನಾ ಫುಕಟ್ ಮಾಡಿಕೊಡ್ತೀನಿ. ಅವರು ಒಂದನೇದಾಗ್ಲಿ. ಅವರ ಕೆಳಗ ಎರಡನೇದಾಕಿ ಆಗಿ, ಒಂದ ದಿನಾ ಅಂಜಿಕಿಲ್ಲದ ನಿದ್ದಿ ಮಾಡಬೇಕಂತ ಆಸಿ ಐತ್ರಿ."